ಮಿದುಳು ಮತ್ತು ಮಾತು
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯ ಹಾಜರಿ ಪುಸ್ತಕ ಬರೆಯುವವರು. ಆದರೂ ಲಕ್ವ ಹೊಡೆದವರನ್ನು ನೋಡಲು ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ: "ಪಾಪ, ಮಾತೂ ಹೋಯಿತು, ಬುದ್ಧಿಯೂ ಹೋಯಿತು." ಅದೂ ರೋಗಿಯ ತಲೆದಿಂಬಿನ ಬಳಿಯೇ ನಿಂತು! ಇದು ನಿಜವೇ ಎಂದು ಈ ಹೊತ್ತು ವಿಚಾರಿಸೋಣ.

ಮಿದುಳಿನ ತೂಕ ಸುಮಾರು 1,400 ಗ್ರಾಂ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಷ್ಟೇ. ಆದರೆ ಸುಮ್ಮನೆ ಮಲಗಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಹಿಂದಲೆಯ ಕೆಳಗಿರುವ ಕಿರುಮಿದುಳು ನಡಿಗೆಯ ಸಮತೋಲ ಕಾಯುತ್ತದೆ. ಮಿದುಳಿನ ಕಾಂಡ ಉಸಿರಾಟ, ಎದೆಬಡಿತಗಳನ್ನು ನೋಡಿಕೊಳ್ಳುತ್ತದೆ; ಅದಕ್ಕೆ ರಜೆಯಿಲ್ಲ, ಪಾಳಿ ಬದಲಿಯಿಲ್ಲ. ಮೇಲಿನ ದೊಡ್ಡ ಮಿದುಳು ಎರಡು ಹೋಳು; ಎಡಹೋಳು ಬಲಗೈ ಬಲಗಾಲುಗಳನ್ನು ನಡೆಸುತ್ತದೆ, ಬಲಹೋಳು ಎಡಗಡೆಯನ್ನು.

ಇನ್ನು ಮಾತು. 1861ರಲ್ಲಿ ಪ್ಯಾರಿಸ್ಸಿನ ಹತ್ತಿರದ ಬಿಸೆತ್ರ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದ. ನಮ್ಮಂತೆಯೇ ದುಡಿದು ಉಣ್ಣುವವನು. ಜೋಡು ಹೊಲಿಯುವವರಿಗೆ ಮರದ ಅಚ್ಚು ಮಾಡುವುದು ಅವನ ಕಸುಬಾಗಿತ್ತು. ಏನು ಕೇಳಿದರೂ "ತಾನ್, ತಾನ್" ಎನ್ನುವುದೊಂದೇ ಉತ್ತರ. ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ ಸಲೀಸಾಗಿ ಹೊರಬೀಳುತ್ತಿತ್ತಂತೆ! ಬಲಭಾಗ ಸ್ವಾಧೀನ ತಪ್ಪಿತ್ತು. ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರು, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದರು. ಅವನು ಐದು ಬೆರಳುಗಳನ್ನು ನಾಲ್ಕು ಸಲ ಬಿಚ್ಚಿ ತೋರಿಸಿ, ಆಮೇಲೆ ಒಂದು ಬೆರಳೆತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು.

ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಬ್ರೋಕಾ ಪರೀಕ್ಷಿಸಿದಾಗ ಮಿದುಳಿನ ಎಡಹೋಳಿನ ಮುಂಭಾಗ ಕೆಟ್ಟಿರುವುದು ಕಂಡಿತು. ಮಾತು ಹೊರಡಿಸುವ ಆ ಸ್ಥಾನಕ್ಕೆ ಅವರ ಹೆಸರೇ ನಿಂತಿದೆ. 1874ರಲ್ಲಿ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದರು: ಎಡಹೋಳಿನಲ್ಲೇ ಇನ್ನೂ ಹಿಂದಕ್ಕೆ ಪೆಟ್ಟಾದರೆ ಮಾತು ಧಾರಾಳ, ಅರ್ಥವಿಲ್ಲ, ಪರರ ಮಾತೂ ತಿಳಿಯದು. ಆದುದರಿಂದ ಎಲ್ಲ ರೋಗಿಗಳಿಗೂ ಎಲ್ಲವೂ ತಿಳಿಯುತ್ತದೆಂದು ನಾವು ಹೇಳುವುದಿಲ್ಲ. ಆದರೆ ಕೇಳಿ ನೋಡದೆ ತೀರ್ಮಾನಿಸುವುದು ಅನ್ಯಾಯ. ಹೌದೆಂದರೆ ಕೈ ಒತ್ತು, ಅಲ್ಲವೆಂದರೆ ಬಿಡು ಎಂದು ಹೇಳಿ ನೋಡಿರಿ. ಅದಕ್ಕೆ ಮೊದಲೇ ಪಾಸ್‌ಬುಕ್ಕು, ಹೆಬ್ಬೆಟ್ಟು ಎಂದು ಓಡಾಡುವವರನ್ನು ಕಾರಕೂನರಾದ ನಾವು ಕಂಡಿದ್ದೇವೆ.

ಇನ್ನೊಂದು ಮಾತು. ಬಾಯಿ ಒಂದು ಕಡೆ ಜೋತರೆ, ಎತ್ತಿದ ಕೈ ಕೆಳಗೆ ಬಿದ್ದರೆ, ನಾಲಿಗೆ ತೊದಲಿದರೆ, ನಾಟಿ ಔಷಧಕ್ಕೆಂದು ರಾತ್ರಿಯ ಬಸ್ಸಿನಲ್ಲಿ ಊರಿಗೆ ಸಾಗಿಸಬೇಡಿರಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ರಕ್ತ ಒಸರಿ ಬಂದ ಲಕ್ವಕ್ಕೆ ಅದೇ ಔಷಧ ಅಪಾಯ. ಯಾವುದೆಂದು ತಿಳಿಯಲು ತಲೆಯ ಸ್ಕ್ಯಾನ್ ಆಗಬೇಕು. ಆ ಸೌಕರ್ಯವಿರುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಒಯ್ಯಿರಿ. ಕೊನೆಯದಾಗಿ ಅವರು ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.