ಪುಷ್ಯರಾಗ ಎಂದರೆ ಯಾವ ಕಲ್ಲು?

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)

 

ಉರ್ದು, ಕನ್ನಡ ಪಾಠ ಮಾಡುವ ಟೀಚರ್ ಇವತ್ತು ರತ್ನದ ಹರಳಿನ ಬಗ್ಗೆ ಮಾತನಾಡಲು ಏಕೆ ನಿಂತಿದ್ದಾರೆ ಎಂದು ನಿಮಗೆ ಅನಿಸಬಹುದು. ಈ ವಿಷಯ ನಮ್ಮ ಮನೆಗೆ ಬಂದದ್ದು ಒಂದು ಪದದ ಮೂಲಕವೇ. ಅದನ್ನು ಮೊದಲು ಹೇಳಿಬಿಡುತ್ತೇನೆ.

2012ರಲ್ಲಿ ನನಗೆ ಬಿ.ಎಡ್. ಸೀಟು ಸಿಕ್ಕಿತು. ಶುಲ್ಕಕ್ಕೆ ಹಣ ಸಾಲದೆ ಹೋದಾಗ ಅಮ್ಮಿ ತಮ್ಮ ಹಳದಿ ಕಲ್ಲಿನ ಉಂಗುರವನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅಬ್ಬಾ ಕೊಲ್ಲಿ ದೇಶದಲ್ಲಿ ದುಡಿದು, ರಜೆಗೆ ಬಂದಾಗ ಕೊಡಿಸಿದ ಉಂಗುರ ಅದು. ಅಂಗಡಿಯವರು ಬಾಯಲ್ಲಿ ‘ಪುಖರಾಜ್’ ಎಂದು ಹೇಳಿ ಅದರ ಬೆಲೆಯನ್ನೇ ತೆಗೆದುಕೊಂಡಿದ್ದರು. ರಸೀದಿಯಲ್ಲಿ ಮಾತ್ರ ‘ಟೋಪಾಜ್’ ಎಂದು ಬರೆದಿದ್ದರು. ನಾವು ಅದನ್ನು ಮಾರಲು ಬೇರೆ ಅಂಗಡಿಗೆ ಹೋದೆವು. ಅಲ್ಲಿದ್ದ ಹಿರಿಯರು ಕಲ್ಲನ್ನು ಬಿಡಿಸಿ, ನೋಡಿ, ತೂಗಿ, “ಮಗಳೇ, ಇದು ಪುಖರಾಜ್ ಅಲ್ಲ, ಟೋಪಾಜ್ ಕೂಡ ಅಲ್ಲ. ಇದು ಸುನೇಲಾ. ಚಿನ್ನಕ್ಕೆ ಮಾತ್ರ ಬೆಲೆ ಕೊಡಬಲ್ಲೆ” ಎಂದರು. ಅಮ್ಮಿ ಒಂದು ಮಾತೂ ಆಡಲಿಲ್ಲ. ಉಳಿದ ಹಣವನ್ನು ಸೋದರಮಾವ ಸಾಲ ತಂದುಕೊಟ್ಟರು. ಆ ಸಾಲವನ್ನು ಕೆಲಸ ಸಿಕ್ಕಮೇಲೆ ನಾನೇ ತೀರಿಸಿದೆ. ಆ ಕಲ್ಲು ಇಂದಿಗೂ ನನ್ನ ಬಳಿ ಇದೆ. ಈಗ ಈ ಮೇಜಿನ ಮೇಲಿರುವುದು ಅದೇ.

ಹಾಗಾದರೆ ಆ ಮೂರು ಹೆಸರುಗಳ ಅರ್ಥವೇನು? ಉರ್ದುವಿನ ‘ಪುಖರಾಜ್’, ಕನ್ನಡದ ‘ಪುಷ್ಯರಾಗ’ ಎರಡನ್ನೂ ನಮ್ಮ ಮಾರುಕಟ್ಟೆಯಲ್ಲಿ ಎರಡು ಬೇರೆ ಬೇರೆ ಕಲ್ಲುಗಳಿಗೆ ಬಳಸುತ್ತಾರೆ. ಒಂದು ಹಳದಿ ನೀಲಮಣಿ, ಅಂದರೆ ಯೆಲ್ಲೋ ಸಫೈರ್. ಇದನ್ನೇ ಕೆಲವರು ಕನಕಪುಷ್ಯರಾಗ ಎನ್ನುತ್ತಾರೆ. ಬೆಲೆ ಬಹಳ ಹೆಚ್ಚು. ಇನ್ನೊಂದು ಟೋಪಾಜ್. ಮೂರನೆಯದಾದ ಸುನೇಲಾ ಎಂದರೆ ಸಿಟ್ರಿನ್. ಅದು ನಮ್ಮ ಹೊಲಗಳಲ್ಲಿ ಸಿಗುವ ಬೆಣಚುಕಲ್ಲಿನ ಜಾತಿಗೆ ಸೇರಿದ್ದು, ಮೂರರಲ್ಲಿ ಅಗ್ಗವಾದದ್ದು. ಅದನ್ನೂ ‘ಗೋಲ್ಡನ್ ಟೋಪಾಜ್’ ಎಂದು ಮಾರಿದ್ದುಂಟು. ‘ಸ್ಮೋಕಿ ಟೋಪಾಜ್’ ಎಂದು ಹೇಳುವ ಕಂದು ಕಲ್ಲು ಕೂಡ ಸಾಮಾನ್ಯವಾಗಿ ಬೆಣಚುಕಲ್ಲೇ.

ಈ ಗೊಂದಲ ಇಂದಿನದಲ್ಲ. ಕೆಂಪು ಸಮುದ್ರದಲ್ಲಿ ಈಜಿಪ್ಟಿಗೆ ಸೇರಿದ ಒಂದು ದ್ವೀಪವಿದೆ. ಪ್ರಾಚೀನರು ಅದನ್ನು ಟೋಪಾಜಿಯೋಸ್ ಎಂದು ಕರೆದರು. ಆದರೆ ಅಲ್ಲಿ ಸಿಗುತ್ತಿದ್ದುದು ಇಂದು ನಾವು ಪೆರಿಡಾಟ್ ಎನ್ನುವ ಹಸಿರು ಕಲ್ಲು. ಅರಬ್ಬಿಯಲ್ಲಿ ಅದು ಜಬರ್ಜದ್. ದ್ವೀಪಕ್ಕೂ ಈಗ ಅದೇ ಹೆಸರು. ಅಂದರೆ ‘ಟೋಪಾಜ್’ ಎಂಬ ಹೆಸರೇ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ದಾಟಿ ಬಂದಿದೆ. ಆದ್ದರಿಂದ ಹೆಸರನ್ನು ನಂಬಿ ಹಣ ಕೊಡಬೇಡಿ.

ಬಣ್ಣವನ್ನೂ ನಂಬಬೇಡಿ. ಟೋಪಾಜ್ ಎಂದರೆ ಹಳದಿಯೇ ಆಗಬೇಕಿಲ್ಲ. ಅದು ಬಣ್ಣವಿಲ್ಲದೆಯೂ, ಕಂದು, ನಸುಗೆಂಪು, ನೀಲಿ ಬಣ್ಣಗಳಲ್ಲೂ ಇರುತ್ತದೆ. ಇಂದು ಅಂಗಡಿಗಳಲ್ಲಿ ಕಾಣುವ ನೀಲಿ ಟೋಪಾಜ್‌ಗಳಲ್ಲಿ ಹೆಚ್ಚಿನವು ಬಣ್ಣವಿಲ್ಲದ ಟೋಪಾಜ್‌ಗೆ ವಿಕಿರಣ ಹಾಯಿಸಿ, ಕಾಯಿಸಿ ಮಾಡಿದವು. ಬ್ರೆಜಿಲ್‌ನ ಓರೊ ಪ್ರೆಟೊ ಸುತ್ತಮುತ್ತ ಸಿಗುವ ಕಿತ್ತಳೆ ಬಣ್ಣದ ‘ಇಂಪೀರಿಯಲ್ ಟೋಪಾಜ್’ಗೆ ಮಾತ್ರ ದೊಡ್ಡ ಬೆಲೆ.

ಹಾಗಾದರೆ ಯಾವುದನ್ನು ನಂಬಬೇಕು? ಕಲ್ಲು ತಾನೇ ಕೊಡುವ ಸಾಕ್ಷಿಯನ್ನು. ಅದರಲ್ಲಿ ಮುಖ್ಯವಾದದ್ದು ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂಬುದು. ಬೆಣಚುಕಲ್ಲು 2.65 ಪಟ್ಟು, ಟೋಪಾಜ್ ಸುಮಾರು 3.5 ಪಟ್ಟು, ನೀಲಮಣಿ ಸುಮಾರು 4 ಪಟ್ಟು. ಮೂರು ಹಳದಿ ಕಲ್ಲುಗಳಿಗೆ ಮೂರು ಬೇರೆ ಅಂಕಿಗಳು!

ಇದನ್ನು ನೀವೇ ಅಳೆಯಬಹುದು. ಆಭರಣ ತೂಗುವ, 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ಕಲ್ಲನ್ನು ಹಾಗೆಯೇ ತೂಗಿ ಬರೆದುಕೊಳ್ಳಿ. ಬಳಿಕ ತಕ್ಕಡಿಯ ಮೇಲೆ ನೀರಿನ ಸಣ್ಣ ಲೋಟ ಇಟ್ಟು, ಅಂಕಿಯನ್ನು ಸೊನ್ನೆ ಮಾಡಿ. ಕಲ್ಲನ್ನು ತೆಳ್ಳನೆಯ ದಾರಕ್ಕೆ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ನೀರಿನೊಳಗೆ ಇಳಿಬಿಡಿ. ಗಾಳಿಗುಳ್ಳೆ ಅಂಟಿರಬಾರದು. ಈಗ ಕಾಣುವ ಅಂಕಿ ಕಲ್ಲು ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ.

ಅಮ್ಮಿಯ ಕಲ್ಲು 7 ಕ್ಯಾರೆಟ್, ಅಂದರೆ 1.40 ಗ್ರಾಂ. ನೀರಿನಲ್ಲಿ ಬಂದ ಅಂಕಿ 0.53. ಭಾಗಿಸಿದರೆ 2.64. ಅದು ಟೋಪಾಜ್ ಆಗಿದ್ದರೆ 0.40, ನೀಲಮಣಿಯಾಗಿದ್ದರೆ 0.35 ಬರಬೇಕಿತ್ತು. ಆ ಹಿರಿಯರು ಹೇಳಿದ್ದು ಸತ್ಯವಾಗಿತ್ತು.

ಇದೇನೂ ಹೊಸ ವಿದ್ಯೆಯಲ್ಲ. 973ರಲ್ಲಿ ಖ್ವಾರಿಜ್ಮ್‌ನಲ್ಲಿ ಹುಟ್ಟಿದ ಅಲ್‌ಬಿರೂನಿ, ಹರಳು ಹಾಕಿದಾಗ ಪಾತ್ರೆಯಿಂದ ಹೊರಚೆಲ್ಲುವ ನೀರನ್ನು ತೂಗುವ ಉಪಕರಣ ಮಾಡಿಕೊಂಡಿದ್ದರು. ನೀಲಿ ಯಾಕೂತನ್ನು 100 ಎಂದು ಇಟ್ಟುಕೊಂಡು ಉಳಿದ ರತ್ನಗಳನ್ನು ಅದರೊಂದಿಗೆ ಹೋಲಿಸಿದರು. ಸಾವಿರ ವರ್ಷದ ಹಿಂದೆ ಅವರು ತೂಗಿ ನೋಡಿದರು. ನಾವು ರಸೀದಿ ನೋಡಿ ಸುಮ್ಮನಾದೆವು.

ಆದರೆ ವಿದ್ಯಾರ್ಥಿಗಳೇ, ಒಂದೇ ಪರೀಕ್ಷೆಯಿಂದ ತೀರ್ಪು ಕೊಡಬಾರದು. ವಜ್ರದ ಸಾಂದ್ರತೆಯೂ 3.52, ಸೀಸ ಬೆರೆಸಿದ ಕೆಲವು ಗಾಜುಗಳೂ ಅದರ ಹತ್ತಿರ ಬರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದಾಗ ದುಂಡನೆಯ ಗುಳ್ಳೆಗಳು ಕಂಡರೆ ಗಾಜೆಂದು ಸಂಶಯಪಡಿ. ರತ್ನ ಪರೀಕ್ಷಕರು ಬೆಳಕು ಬಾಗುವ ಪ್ರಮಾಣವನ್ನೂ ಅಳೆಯುತ್ತಾರೆ: ಸಿಟ್ರಿನ್‌ಗೆ ಸುಮಾರು 1.55, ಟೋಪಾಜ್‌ಗೆ 1.61ರಿಂದ 1.64, ನೀಲಮಣಿಗೆ ಸುಮಾರು 1.77. ಟೂರ್ಮಲಿನ್ ಎಂಬ ಕಲ್ಲಿಗೂ ಟೋಪಾಜ್‌ನಷ್ಟೇ ಬರುತ್ತದೆ, ಆದರೆ ಅದರ ಸಾಂದ್ರತೆ ಕಡಿಮೆ. ಹೀಗೆ ಎರಡು ಸಾಕ್ಷಿಗಳು ಕೂಡಿದಾಗಲೇ ನಿಜ ಹೊರಬರುತ್ತದೆ.

ಗೀರಿ ನೋಡುವ ಪರೀಕ್ಷೆ ಮಾತ್ರ ಬೇಡ. ಮೋಸ್ ಮಾಪಕದಲ್ಲಿ ಟೋಪಾಜ್‌ನ ಗಡಸುತನ 8, ಬೆಣಚುಕಲ್ಲಿನದು 7 ಎಂದು ನೀವು ಓದಿರಬಹುದು. ಆದರೆ ಗೀರಿದರೆ ಕಲ್ಲು ಕೆಡುತ್ತದೆ. ಜೊತೆಗೆ ಟೋಪಾಜ್ ಗಡಸಾದರೂ ಒಂದು ದಿಕ್ಕಿನಲ್ಲಿ ಸುಲಭವಾಗಿ ಸೀಳಿಹೋಗುತ್ತದೆ. ಪೆಟ್ಟು ಬಿದ್ದರೆ, ಹಠಾತ್ತಾಗಿ ಬಿಸಿ ತಗುಲಿದರೆ ಒಡೆಯಬಹುದು. ಉಂಗುರಕ್ಕೆ ಬೆಸುಗೆ ಹಾಕಿಸುವಾಗ ಕಲ್ಲನ್ನು ಮೊದಲು ಬಿಡಿಸಲು ಹೇಳಿ.

ಪೋಷಕರಿಗೆ ಒಂದು ವಿನಂತಿ. ಚಿನ್ನದ ಮೇಲಿನ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯನ್ನು ಹೇಳುತ್ತದೆಯೇ ಹೊರತು ಕಲ್ಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೆಲೆಬಾಳುವ ಹರಳನ್ನು ಕೊಳ್ಳುವಾಗ ಬಿಡಿಯಾಗಿಯೇ ನೋಡಿ, ಏಕೆಂದರೆ ಉಂಗುರದಲ್ಲಿ ಕೂರಿಸಿದ ಮೇಲೆ ಈ ತೂಕದ ಪರೀಕ್ಷೆ ಆಗುವುದಿಲ್ಲ. ರಸೀದಿಯಲ್ಲಿ ‘ಪುಖರಾಜ್’ ಎಂದಷ್ಟೇ ಬರೆಸಬೇಡಿ. ಸಫೈರೋ, ಟೋಪಾಜೋ, ಸಿಟ್ರಿನ್ನೋ, ಎಷ್ಟು ಕ್ಯಾರೆಟ್, ಕಾಯಿಸಿದ್ದೋ ಅಲ್ಲವೋ ಎಂದು ಬರೆಸಿ. ದೊಡ್ಡ ಮೊತ್ತವಾದರೆ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಪ್ರಾಮಾಣಿಕ ವ್ಯಾಪಾರಿ ಅದರಿಂದ ಬೇಸರಪಡುವುದಿಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ತಾಯಂದಿರ ಒಡವೆಯೇ ಮಕ್ಕಳ ಓದಿನ ಕೊನೆಯ ಆಸರೆ. ಆ ಆಸರೆ ಗಟ್ಟಿಯಿದೆಯೋ ಇಲ್ಲವೋ ಎಂಬುದು ಶುಲ್ಕ ಕಟ್ಟುವ ಕೊನೆಯ ದಿನ ಗೊತ್ತಾಗಬಾರದು. ವಿದ್ಯಾರ್ಥಿಗಳೇ, ತಕ್ಕಡಿ ಮತ್ತು ಲೋಟ ಈ ಮೇಜಿನ ಮೇಲೆಯೇ ಇವೆ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬೊಬ್ಬರಾಗಿ ಬನ್ನಿ, ಅಮ್ಮಿಯ ಕಲ್ಲನ್ನು ನೀವೇ ತೂಗಿ ನೋಡಿ.