ನನ್ನ ಹೆಸರೇನು?

(ಶಿಗ್ಲಿಯ ಸಭೆಯಲ್ಲಿ ಆಡಿದ ಮಾತು)



ನಮ್ಮ ಸೀಮೆಗೆ ಕುಸ್ತಿ ಹೊಸದಲ್ಲ. ಜಾತ್ರಿ ಬಂತಂದ್ರ ಖಣ ಹದ ಮಾಡ್ತಾರ, ಹಲಗಿ ಬಡೀತಾರ. ಗೆದ್ದವನ ಕೈಗೆ ಬೆಳ್ಳಿ ಕಡಗ, ತಲೆಗೆ ಪಟಗ. ನಮ್ಮ ಕೇರಿಯ ಹುಡುಗ ಗೆದ್ದರೂ ಚಪ್ಪಾಳೆ ಬೀಳುತ್ತದೆ. ಆದರೆ ಚಪ್ಪಾಳೆ ತಟ್ಟಿದವರೇ ಮರುದಿನ ಅವನನ್ನು ಏನಂತ ಕರೀತಾರ? ದುರಗಪ್ಪ ಹೋಗಿ ದುರಗ್ಯಾ ಆಗಿರುತ್ತಾನೆ. ಚಪ್ಪಾಳೆ ಬೇರೆ, ಮರ್ಯಾದೆ ಬೇರೆ. ಈ ಮಾತನ್ನು ಇಡೀ ಜಗತ್ತಿಗೆ ಕೇಳುವ ಹಾಗೆ ಹೇಳಿದವನು ಬಾಕ್ಸರ್ ಮಹಮ್ಮದ್ ಅಲಿ. ನಮ್ಮ ಮನೆಯವನೆಂಬ ಸಲಿಗೆಯಿಂದ ಅವನು ಎನ್ನುತ್ತೇವೆ.

1942ರ ಜನವರಿ 17ರಂದು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಲ್ಲಿ ಹುಟ್ಟಿದ. ಇಟ್ಟ ಹೆಸರು ಕ್ಯಾಸಿಯಸ್ ಕ್ಲೇ. ಅಪ್ಪ ಬೋರ್ಡು ಬರೆಯುವ ಪೇಂಟರ್. ಅವ್ವ ಕಂಡವರ ಮನೆಯಲ್ಲಿ ಕೆಲಸ ಮಾಡಿದಾಕೆ. 12ನೆಯ ವಯಸ್ಸಿಗೆ ಇವನ ಸೈಕಲ್ ಕಳುವಾಯಿತು. ಕದ್ದವನನ್ನು ಬಡೀತೀನಿ ಅಂತ ಹುಡುಗ ಕೂಗಾಡಿದ. ಜೋ ಮಾರ್ಟಿನ್ ಎಂಬ ಪೊಲೀಸು ಅಲ್ಲೇ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದ. ಮೊದಲು ಬಡಿದಾಡೋದು ಕಲಿ, ಆಮೇಲೆ ಬಡಿ ಅಂದ. ಕಲಿತ. ಆರೇ ವರ್ಷಕ್ಕೆ, 1960ರ ರೋಮ್ ಒಲಿಂಪಿಕ್ಸಿನಲ್ಲಿ, ಲೈಟ್ ಹೆವಿವೇಟ್ ವಿಭಾಗದ ಚಿನ್ನದ ಪದಕ ಗೆದ್ದ. ಆಗ ವಯಸ್ಸು 18.

ಪದಕ ಕೊರಳಿಗೆ ಹಾಕಿಕೊಂಡೇ ಊರಿಗೆ ಬಂದ. ಅದೇ ಊರಿನ ಹೋಟೆಲಿನಲ್ಲಿ ಕರಿಯರಿಗೆ ಊಟವಿಲ್ಲ ಎಂದು ಕಳಿಸಿದರೆಂದು ಅವನೇ ಹೇಳಿಕೊಂಡಿದ್ದಾನೆ. ಸಿಟ್ಟಿಗೆದ್ದು ಪದಕವನ್ನು ಓಹಾಯೋ ನದಿಗೆ ಎಸೆದನೆಂದು 1975ರ ಅವನ ಆತ್ಮಕತೆಯಲ್ಲಿದೆ. ಎಸೆದಿಲ್ಲ, ಕಳೆದುಹೋಯಿತು ಎಂದು ಅವನ ಬಳಗದವರೇ ಹೇಳಿದರು. ನೀರಿಗೆ ಬಿತ್ತೋ ಕಳೆದುಹೋಯಿತೋ, ಬಿಡ್ರಿ. ದೇಶಕ್ಕೆ ಚಿನ್ನ ತಂದವನಿಗೂ ಬಾಗಿಲು ತೆರೆಯಲಿಲ್ಲ, ಅದು ದೊಡ್ಡ ಮಾತು.

ಇದು ಅಮೆರಿಕದ ಕತಿ ಅಷ್ಟೇ ಅಂತ ತಿಳೀಬ್ಯಾಡ್ರಿ. ನಮ್ಮ ಧಾರವಾಡದಲ್ಲಿ 1876ರಲ್ಲಿ ಚಮ್ಮಾರರ ಮನೆಯಲ್ಲಿ ಹುಟ್ಟಿದವರು ಪಾಲ್ವಣಕರ ಬಾಳೂ. ಕ್ರಿಕೆಟ್ಟಿನಲ್ಲಿ ಅವರಂಥ ಬೌಲರ್ ಆ ಕಾಲಕ್ಕೆ ಈ ದೇಶದಲ್ಲಿರಲಿಲ್ಲ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ತೆಗೆದರು. ಅಂಥವರಿಗೆ ಪುಣೆಯಲ್ಲಿ ಆಟದ ಬಿಡುವಿನಲ್ಲಿ ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟರು. ಆ ಕೈ ಎಸೆದ ಚೆಂಡು ಬೇಕಿತ್ತು, ಆ ಕೈ ಮುಟ್ಟಿದ ಬಟ್ಟಲು ಬೇಡವಾಗಿತ್ತು.

ಈಗ ಅಲಿಯ ಕಡೆಗೆ ಬರೋಣ. 1964ರ ಫೆಬ್ರವರಿ 25ರಂದು ಸೋನಿ ಲಿಸ್ಟನ್‌ನನ್ನು ಸೋಲಿಸಿ 22ನೆಯ ವಯಸ್ಸಿಗೇ ಹೆವಿವೇಟ್ ಜಗಜಟ್ಟಿಯಾದ. ಆ ಬಳಿಕ, ಕ್ಲೇ ಎಂಬುದು ಗುಲಾಮಗಿರಿಯ ಹೆಸರು, ನನಗೆ ಬೇಡ ಎಂದು ಸಾರಿದ. ಇಸ್ಲಾಂ ಸೇರಿ ಮಹಮ್ಮದ್ ಅಲಿಯಾದ. ಪತ್ರಿಕೆಗಳು ಒಪ್ಪಲಿಲ್ಲ. ವರ್ಷಗಟ್ಟಲೆ ಕ್ಲೇ ಎಂದೇ ಬರೆದವು. ಎರ್ನಿ ಟೆರೆಲ್ ಎಂಬ ಬಾಕ್ಸರ್ ಕೂಡ ಕ್ಲೇ ಎಂದೇ ಕರೆದ. ಇವನೂ ಕರಿಯನೇ. 1967ರ ಫೆಬ್ರವರಿ 6ರಂದು ಇಬ್ಬರೂ ಅಖಾಡಕ್ಕಿಳಿದರು. ಹೊಡೆತ ಹಾಕುತ್ತಲೇ ಅಲಿ ಕೇಳಿದ: 'ನನ್ನ ಹೆಸರೇನು?' 15 ಸುತ್ತು ಮುಗಿದಾಗ ಗೆದ್ದವನು ಅಲಿ. ಹೆಸರನ್ನು ಯಾರೂ ದಾನ ಕೊಡೋದಿಲ್ಲ ಬಂಧುಗಳೇ.

ಅದೇ ವರ್ಷ ಏಪ್ರಿಲ್ 28. ವಿಯೆಟ್ನಾಂ ಯುದ್ಧಕ್ಕೆ ಕರೆ ಬಂತು. ಅಲಿ ಒಲ್ಲೆ ಎಂದ. ಕೂಡಲೇ ಲೈಸೆನ್ಸ್ ಹೋಯಿತು, ಪಟ್ಟ ಹೋಯಿತು. ಜೂನ್‌ನಲ್ಲಿ ಕೋರ್ಟು 5 ವರ್ಷ ಸಜೆ, 10,000 ಡಾಲರ್ ದಂಡ ಹಾಕಿತು. ಅಪೀಲು ಹಾಕಿದ್ದರಿಂದ ಜೈಲಿಗೆ ಹೋಗಲಿಲ್ಲ, ಆದರೆ ಪಾಸ್‌ಪೋರ್ಟು ಕಸಿದರು. ತೋಳಿನ ಕಸುವು ತುಂಬಿದ ಹರೆಯ, 25ರಿಂದ 28, ಮೂರೂವರೆ ವರ್ಷ ಅಖಾಡವಿಲ್ಲದೆ ಕಳೆಯಿತು. ಕ್ಷಮೆ ಕೇಳಿ ಸೈನ್ಯದ ಉಡುಪು ಹಾಕಿದ್ದರೆ ಎಲ್ಲ ಉಳಿಯುತ್ತಿತ್ತು. ಕೇಳಲಿಲ್ಲ. 1971ರ ಜೂನ್ 28ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಶಿಕ್ಷೆ ರದ್ದು ಮಾಡಿತು. ಹೋದ ವರ್ಷಗಳನ್ನು ಯಾವ ಕೋರ್ಟು ತಂದುಕೊಡತೈತಿ?

1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಎಂಟನೆಯ ಸುತ್ತಿಗೆ ಕೆಡವಿ ಪಟ್ಟ ಮರಳಿ ಪಡೆದ. 1978ರಲ್ಲಿ ಸೋತು, ಅದೇ ವರ್ಷ ಮೂರನೆಯ ಸಲ ಗೆದ್ದ. ಒಟ್ಟು 61 ಕಾಳಗ, 56 ಗೆಲುವು.

ಹಾಗಂತ ಅಲಿಯನ್ನು ದೇವರ ಕಟ್ಟೆಗೆ ಏರಿಸುವುದು ಬೇಡ. ಜೋ ಫ್ರೇಜಿಯರ್ ಪಾಲಿಗೆ ಹೊಲ ಮಾಡುವ ಬಡ ಕರಿಯನ ಮಗ. 1964ರ ಟೋಕಿಯೋ ಒಲಿಂಪಿಕ್ಸಿನ ಚಿನ್ನ ಅವನದು. ಅಲಿಯ ಬಾಯಿ ಕಟ್ಟಿದ ದಿನಗಳಲ್ಲಿ ಅವನ ಪರ ಮಾತಾಡಿದವನು. ಅಂಥವನನ್ನು ಅಲಿ ಬಿಳಿಯರ ಗುಲಾಮ ಎಂದ, ಗೊರಿಲ್ಲ ಎಂದ. ಬಿಳಿಯರು ಕರಿಯರಿಗೆ ಬಳಸಿದ ಬೈಗುಳವನ್ನೇ ಕರಿಯನ ಮೇಲೆ ಎಸೆದ. 2001ರಲ್ಲಿ ತಪ್ಪಾಯಿತು ಅಂದ. ಫ್ರೇಜಿಯರ್‌ನ ಗಾಯ ಅಷ್ಟರಲ್ಲಿ ಹಳೆಯದಾಗಿತ್ತು. ನಮ್ಮಲ್ಲೂ ಹೊಲೇರು ಮಾದರು ಅಂತ ಒಬ್ಬರಿಗೊಬ್ಬರು ಕೀಳು ಮಾಡುವವರು ಇದನ್ನು ಕಿವಿಗೊಟ್ಟು ಕೇಳಬೇಕು.

1981ರಲ್ಲಿ ಆಟ ಬಿಟ್ಟ. 1984ರಲ್ಲಿ ಪಾರ್ಕಿನ್ಸನ್ ರೋಗವೆಂದು ಡಾಕ್ಟರರು ಹೇಳಿದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ನಡುಗುವ ಕೈಯಿಂದ ಜ್ಯೋತಿ ಹೊತ್ತಿಸಿದ. ರೋಮಿನ ಪದಕದ ಬದಲಿಗೆ ಇನ್ನೊಂದು ಪದಕ ಕೊಟ್ಟರು. 2016ರ ಜೂನ್ 3ರಂದು, 74ನೆಯ ವಯಸ್ಸಿಗೆ ತೀರಿಕೊಂಡ. ಹೊಡಿ ಅಂದಾಗ ಮೆಚ್ಚಿದವರು, ಒಲ್ಲೆ ಅಂದಾಗ ಬೈದರು. ಅವನು ಮಾತಾಡಲಾರದಂತಾದ ಮೇಲೆ ಅವರೇ ಮತ್ತೆ ಹೊಗಳಿದರು. ಇದನ್ನೂ ನೆನಪಿಡ್ರಿ.

ತಮ್ಮಗಳಿರಾ, ತಂಗೆವ್ವಗಳಿರಾ, ಗರಡಿಗೆ ಹೋಗ್ರಿ, ಓಡ್ರಿ, ಆಡ್ರಿ, ಗೆದ್ದು ಬರ್ರಿ. ಆದರೆ ಗೆದ್ದ ಮೇಲೆ ಸುಮ್ಮನಾಗಬ್ಯಾಡ್ರಿ. ಸೋತವನಿಗೂ ಪೂರ್ತಿ ಹೆಸರು ಇರಬೇಕು. ಖಣಕ್ಕೆ ಎಂದೂ ಇಳಿಯದ, ಬಿಸಿಲಿಗೆ ಕಳೆ ತೆಗೆಯುವ ನಮ್ಮವ್ವನಿಗೂ ಇರಬೇಕು. ಅದು ಪದಕದ ಜೊತೆ ಬರುವ ಬಹುಮಾನವಲ್ಲ, ಹುಟ್ಟಿದ ಪ್ರತಿಯೊಬ್ಬರ ಹಕ್ಕು.

ಜೈ ಭೀಮ್.