ಸಸ್ಯಗಳ ವಂಶವಾಹಿ ಮಾರ್ಪಾಟು: ಅದರ ಸಾಫಲ್ಯಕ್ಕೆ ಸಾಧನಗಳು



ಸಸ್ಯದೊಳಗೆ ಹೊಸ ವಂಶವಾಹಿಯನ್ನು ಸೇರಿಸುವ ವಿದ್ಯೆಯ ವಿಚಾರವು ತಮಗೆಲ್ಲರಿಗೂ ಶ್ರುತವಾಗಿಯೇ ಇದೆ. ಆದರೆ ಬಹು ಯತ್ನಗಳಲ್ಲಿ ಕೆಲವೇ ಫಲಿಸುವುದೇಕೆ, ಆ ಫಲವನ್ನು ಹೆಚ್ಚಿಸುವ ಬಗೆ ಯಾವುದು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ವಿಜ್ಞಾಪಿಸುವೆನು.

ಈ ವಿದ್ಯೆಗೆ ಮಣ್ಣಿನ ಒಂದು ಸೂಕ್ಷ್ಮಾಣುವೇ ಆದಿಗುರು. ಆಗ್ರೋಬ್ಯಾಕ್ಟೀರಿಯಂ ಎಂಬುದು ಅದರ ನಾಮಧೇಯ. ಗಿಡಗಳ ಬುಡದಲ್ಲಿ ಗಂಟೇಳುವುದಕ್ಕೆ ಇದೇ ಕಾರಣವೆಂದು 1907ರಲ್ಲಿ ಅಮೇರಿಕೆಯ ಸ್ಮಿತ್ ಮತ್ತು ಟೌನ್ಸೆಂಡ್ ಎಂಬ ಪಂಡಿತರು ತೋರಿಸಿದರು. ಇದು ತನ್ನ ಡಿ.ಎನ್.ಎ.ಯ ತುಣುಕೊಂದನ್ನು ಗಿಡದ ಜೀವಕೋಶದೊಳಗೆ ಸೇರಿಸುವುದೆಂದು 1977ರಲ್ಲಿ ಮೇರಿ-ಡೆಲ್ ಚಿಲ್ಟನ್ ಮೊದಲಾದವರು ಸಾಧಿಸಿ ತೋರಿಸಿದರು. ಗಂಟೆಬ್ಬಿಸುವ ಭಾಗವನ್ನು ತೆಗೆದು ಬೇಕಾದ ವಂಶವಾಹಿಯನ್ನು ಅಲ್ಲಿಟ್ಟರೆ, ಸೂಕ್ಷ್ಮಾಣುವು ಅದನ್ನೇ ಹೊತ್ತೊಯ್ಯುವುದು.

ಈ ಕಾರ್ಯಕ್ಕೆ ಎರಡು ಬಾಗಿಲುಗಳುಂಟು. ಮೊದಲನೆಯದು ಪ್ರವೇಶ. ಗಾಯಗೊಂಡ ಹೊಗೆಸೊಪ್ಪಿನ ಕೋಶಗಳು ಸ್ರವಿಸುವ ಅಸಿಟೋಸಿರಿಂಗೋನ್ ಎಂಬ ದ್ರವ್ಯವು ಸೂಕ್ಷ್ಮಾಣುವನ್ನು ಕಾರ್ಯೋನ್ಮುಖವಾಗಿಸುವುದೆಂದು 1985ರಲ್ಲಿ ತಿಳಿದುಬಂದಿತು. ಬತ್ತದ ಬೀಜದಿಂದ ಬೆಳೆಸಿದ ಕೋಶರಾಶಿಗೆ ಇದೇ ದ್ರವ್ಯವನ್ನು ಬೆರೆಸಿ, 1994ರಲ್ಲಿ ಜಪಾನಿನ ವಿದ್ವಾಂಸರು ಏಕದಳಧಾನ್ಯದಲ್ಲಿಯೂ ಉತ್ತಮ ಫಲವನ್ನು ಪಡೆದರು.

ಎರಡನೆಯದು ಪುನರ್ಜನನ. ವಂಶವಾಹಿಯು ಒಳಹೊಕ್ಕರೆ ಸಾಲದು. ಹೊಕ್ಕ ಆ ಕೋಶವೇ ಬೆಳೆದು ಪೂರ್ಣವಾದ ಗಿಡವಾಗಬೇಕು. ಅನೇಕ ತಳಿಗಳು ಇಲ್ಲಿಯೇ ಸೋಲುವುವು. ಜೋಳದ ಜಾತಿಯಾದ ಮೆಕ್ಕೆಯಲ್ಲಿ ಬೇಬಿಬೂಮ್, ವುಶೆಲ್ ಎಂಬ ಎರಡು ವಂಶವಾಹಿಗಳನ್ನು ಜೊತೆಗೂಡಿಸಿದರೆ ಹಿಂದೆ ಒಲ್ಲದ ತಳಿಗಳೂ ಚಿಗುರುವುವೆಂದು 2016ರಲ್ಲಿ ಪ್ರಕಟವಾಯಿತು. ಆದರೆ ಇವು ಎಡೆಬಿಡದೆ ದುಡಿದರೆ ಗಿಡದ ಬೆಳವಣಿಗೆಗೇ ವಿಘ್ನವುಂಟಾಗುವುದರಿಂದ, ಕಾರ್ಯವಾದೊಡನೆ ಅವನ್ನು ಕತ್ತರಿಸಿ ತೆಗೆಯುವ ಉಪಾಯವನ್ನೂ ಕೂಡಿಸಿದರು. 2020ರಲ್ಲಿ ಗೋಧಿಯ ಜಿ.ಆರ್.ಎಫ್.4, ಜಿ.ಐ.ಎಫ್.1 ಎಂಬ ಪ್ರೋಟೀನುಗಳ ಸಂಯೋಗವು ಗೋಧಿ, ಬತ್ತಗಳಲ್ಲಿ ಪುನರ್ಜನನವನ್ನು ಹೆಚ್ಚಿಸಿ ತ್ವರಿತಗೊಳಿಸುವುದೆಂದು ಕಂಡುಬಂದಿತು.

ಮಹಾಶಯರೇ, ಇದರಿಂದ ರೈತನಿಗೇನು ಲಾಭವೆಂದು ಕೇಳಬಹುದು. ಪ್ರಯೋಗಶಾಲೆಗೆ ಒಲಿಯುವ ತಳಿಯು ಅವನ ಹೊಲಕ್ಕೆ ಒಗ್ಗುವ ತಳಿಯೇ ಆಗಬೇಕೆಂಬ ನಿಯಮವಿಲ್ಲ. ಒಲಿದ ತಳಿಯಲ್ಲಿ ಪಡೆದ ಗುಣವನ್ನು ಅವನ ತಳಿಗೆ ತರಲು ಹಲವು ತಲೆಮಾರುಗಳ ಸಂಕರವು ಬೇಕಾಗುವುದು. ಅವನ ತಳಿಯೇ ನೇರವಾಗಿ ಒಲಿದರೆ ಆ ಕಾಲವು ಉಳಿಯುವುದು. ಚಿಕ್ಕ ಸೀಮೆಯ ಧಾನ್ಯಗಳೂ ಅಲಕ್ಷ್ಯಕ್ಕೆ ಗುರಿಯಾಗವು.

ಆದರೂ ಚಿಗುರಿದ ಗಿಡಗಳ ಎಣಿಕೆಯೊಂದೇ ಸಾಫಲ್ಯವಲ್ಲ. ವಂಶವಾಹಿಯು ಎಷ್ಟು ಪ್ರತಿಗಳಾಗಿ, ಎಲ್ಲಿ ನೆಲಸಿತು, ಸಂತತಿಗೆ ಕ್ರಮವಾಗಿ ಇಳಿಯಿತೇ ಎಂಬುದನ್ನು ಪರೀಕ್ಷಿಸಿಯೇ ಹೊಲಕ್ಕೆ ಒಯ್ಯಬೇಕು. ಅವಸರದಿಂದ ಹೆಚ್ಚಿದ ಸಂಖ್ಯೆಗಿಂತ ಪರೀಕ್ಷೆಯಲ್ಲಿ ನಿಂತ ಒಂದು ಗಿಡವು ಮೇಲು. ಇಷ್ಟನ್ನು ಅರಿಕೆಮಾಡಿ ವಿರಮಿಸುವೆನು.